ಕರುಳಿನ ದಾರಿ ಮೊಟಕಾದ ಮೇಲೆ

ಅಥಣಿಯಿಂದ ವಿಜಯಪುರಕ್ಕೆ ಹೋಗುವ ರಸ್ತೆಯಲ್ಲಿ ಐಗಳಿ ಕ್ರಾಸಿಗೆ ಇಳಿದು ಊರಿನ ಕಡೆಗೆ ಹೊರಟರೆ ದ್ರಾಕ್ಷಿ ಪಡಗಳೂ ಮಣೂಕ ಒಣಗಿಸುವ ಶೆಡ್ಡುಗಳೂ ಕಣ್ಣಿಗೆ ಬೀಳುತ್ತವೆ. ಆ ಊರಿಗೆ ನನ್ನ ತಂಗಿಯನ್ನು ಕೊಟ್ಟು ಇಪ್ಪತ್ತೈದು ವರ್ಷಗಳು ಸಂದವು. ಕಳೆದ ಶ್ರಾವಣದಲ್ಲಿ ಅವರ ಮನೆಗೆ ಹೋಗಿದ್ದಾಗ ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕುಳಿತಿದ್ದ ಅವಳ ಮುಂದೆ ಎಲ್ಲರಂತೆ ಗಂಗಾಳವಿರಲಿಲ್ಲ. ಪುಟ್ಟ ಮಕ್ಕಳಿಗೆ ಉಣಿಸುವಂಥ ಒಂದು ಬಟ್ಟಲಿತ್ತು. ಅದರಲ್ಲಿ ನಾಲ್ಕು ಚಮಚ ಮಡಕಿ ಕಾಳಿನ ಪಲ್ಯ, ಎರಡು ಚಮಚ ಸಕ್ಕರೆ ಬೆರೆಸದ ಚಕ್ಕಾ, ಅರ್ಧ ಖಡಕ್ ರೊಟ್ಟಿ. ಅಷ್ಟನ್ನು ಮುಗಿಸಲು ಅವಳು ಅರ್ಧ ಗಂಟೆ ತೆಗೆದುಕೊಂಡಳು. ಬೀಗರ ಪೈಕಿ ಬಂದಿದ್ದ ಹಿರಿಯರೊಬ್ಬರು, “ಯವ್ವಾ, ಗುಬ್ಬಿ ತಿಂದಂಗ ತಿಂದರ ಬದುಕೂದು ಹ್ಯಾಂಗ? ಇನ್ನೊಂದು ಹೋಳಿಗಿ ಹಾಕ್ರಿ ಆಕಿಗೆ” ಎಂದು ಕಳಕಳಿಯಿಂದಲೇ ಹೇಳಿದರು. ತಂಗಿ ನಕ್ಕು ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದಳು. ಹಾಗೆ ಕೈ ಅಡ್ಡ ಹಿಡಿಯುವುದನ್ನು ಕಲಿಯಲು ಅವಳಿಗೆ ಎರಡು ವರ್ಷ ಬೇಕಾಯಿತು.

2022ರ ಜನವರಿಯಲ್ಲಿ ಅವಳಿಗೆ ದೊಡ್ಡ ನಗರವೊಂದರಲ್ಲಿ ತೂಕ ಇಳಿಸುವ ಶಸ್ತ್ರಕ್ರಿಯೆಯಾಯಿತು. ಆಗ ಅವಳ ತೂಕ 118 ಕಿಲೋ. ಹತ್ತು ವರ್ಷಗಳ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೆಟ್ಟಿಲು ಹತ್ತಲಾಗದ ಮೊಣಕಾಲುಗಳು. ಪಥ್ಯ, ನಡಿಗೆ, ಗುಳಿಗೆ ಎಲ್ಲವನ್ನೂ ಮಾಡಿ ಸೋತ ಬಳಿಕವೇ ಮನೆಯವರು ಆ ನಿರ್ಧಾರಕ್ಕೆ ಬಂದಿದ್ದರು. ಈಗ ಅವಳು 72 ಕಿಲೋ ಇದ್ದಾಳೆ; ಇನ್ಸುಲಿನ್ ಬಿಟ್ಟಿದ್ದಾಳೆ; ಹೊಲಕ್ಕೆ ನಡೆದು ಹೋಗಿ ಬರುತ್ತಾಳೆ. ಶಸ್ತ್ರಕ್ರಿಯೆ ಬೇಡವಾಗಿತ್ತೆಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ಶಸ್ತ್ರಕ್ರಿಯೆಯ ದಿನದ ಬಗೆಗೆ ಎಲ್ಲರೂ ಕೇಳುತ್ತಾರೆ, ಅದರ ನಂತರದ ಊಟದ ಬಗೆಗೆ ಯಾರೂ ಕೇಳುವುದಿಲ್ಲ. ಬೆಳಗಾವಿಯಲ್ಲಿ ಮೂವತ್ತು ವರ್ಷ ಗೃಹವಿಜ್ಞಾನ ಕಲಿಸಿದ ನಾನೂ ಕೇಳಲಿಲ್ಲ. ಹೆಸರು ಹಾಕದೆ ಬರೆಯಬಹುದೆಂದು ತಂಗಿಯೇ ಒಪ್ಪಿಗೆ ಕೊಟ್ಟಿದ್ದಾಳೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ತರುಣ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ಬಳಿಕ ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಐಗಳಿಯ ಮನೆಯಲ್ಲಿ ಎಲ್ಲರೂ ಗಾಬರಿಗೊಂಡರು. ಚರ್ಮದ ಕೆಳಗಿನ ಕೊಬ್ಬನ್ನು ಹೊರತೆಗೆಯುವುದು ಅಂದಚಂದಕ್ಕಾಗಿ ಮಾಡಿಸಿಕೊಳ್ಳುವ ಬೇರೆಯೇ ಕ್ರಿಯೆ. ತಂಗಿಗೆ ಆದದ್ದು ಅದಲ್ಲ. ಅವಳ ಶರೀರದಿಂದ ಕೊಬ್ಬನ್ನು ತೆಗೆಯಲಿಲ್ಲ. ಅನ್ನ ಹೋಗುವ ದಾರಿಯನ್ನು ಬದಲಿಸಿದರು.

ಆ ದಾರಿ ಹೇಗಿದೆಯೆಂದು ನೋಡೋಣ. ನಾವು ಉಂಡ ಅನ್ನ ಜಠರದಲ್ಲಿ ನುಣ್ಣಗಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಸಣ್ಣ ಕರುಳಿನ ಉದ್ದ ಸುಮಾರು ಆರು ಮೀಟರು. ನಮ್ಮ ಹಿರಿಯರ ಲೆಕ್ಕದಲ್ಲಿ ಹದಿಮೂರು ಮೊಳ. ಅದರ ಮೊದಲ ಗೇಣಿನಷ್ಟು ಭಾಗದಲ್ಲಿಯೇ ಯಕೃತ್ತಿನಿಂದ ಪಿತ್ತರಸವೂ ಮೇದೋಜೀರಕ ಗ್ರಂಥಿಯಿಂದ ಪಾಚಕ ರಸವೂ ಬಂದು ಕೂಡುತ್ತವೆ. ಕಬ್ಬಿಣಾಂಶ ಮತ್ತು ಸುಣ್ಣದ ಅಂಶ ಹೆಚ್ಚಾಗಿ ಹೀರಲ್ಪಡುವುದು ಈ ಆರಂಭದ ಭಾಗದಲ್ಲಿ. ಪಿಷ್ಟ, ಸಸಾರಜನಕ, ಜಿಡ್ಡು ಇವೆಲ್ಲ ನಡುವಿನ ದಾರಿಯಲ್ಲಿ ರಕ್ತಕ್ಕೆ ಸೇರುತ್ತವೆ. ಬಿ-12 ಎಂಬ ಜೀವಸತ್ವ ಮಾತ್ರ ಕಟ್ಟಕಡೆಯ ಮೊಳದವರೆಗೆ ಕಾಯ್ದು ಅಲ್ಲಿ ಒಳಗೆ ಹೋಗುತ್ತದೆ. ಅದಕ್ಕೂ ಜಠರದಲ್ಲಿ ಹುಟ್ಟುವ ಒಂದು ವಿಶೇಷ ದ್ರವ್ಯದ ಜೊತೆ ಬೇಕು.

ನಮ್ಮ ದೇಶದಲ್ಲಿ ತೂಕಕ್ಕಾಗಿ ಮಾಡುವ ಶಸ್ತ್ರಕ್ರಿಯೆಗಳಲ್ಲಿ ಎರಡು ಬಗೆ ಮುಖ್ಯ. ಒಂದರಲ್ಲಿ ಜಠರವನ್ನಷ್ಟೇ ಕತ್ತರಿಸಿ ಅಂಗಿಯ ತೋಳಿನಂತೆ ಕಿರಿದಾಗಿಸುತ್ತಾರೆ, ಕರುಳನ್ನು ಮುಟ್ಟುವುದಿಲ್ಲ. ಇನ್ನೊಂದರಲ್ಲಿ ಜಠರವನ್ನು ಕಿರಿದಾಗಿಸುವುದರ ಜೊತೆಗೆ ಸಣ್ಣ ಕರುಳಿನ ಮೊದಲ ಭಾಗವನ್ನು ಬಳಸುದಾರಿಯಿಂದ ದಾಟಿಸುತ್ತಾರೆ. ತಂಗಿಗೆ ಮಾಡಿದ್ದು ಎರಡನೆಯದು. ಉದ್ದನೆಯ ಕೊಳವೆಯಂತಾದ ಜಠರವನ್ನು ಕರುಳಿಗೆ ಸುಮಾರು ಎರಡು ಮೀಟರು ಕೆಳಗೆ ಜೋಡಿಸಿದ್ದಾರೆ. ಅಮೆರಿಕದ ರಾಬರ್ಟ್ ರಟ್ಲೆಜ್ ಎಂಬ ಶಸ್ತ್ರವೈದ್ಯರು 1997ರಲ್ಲಿ ಆರಂಭಿಸಿದ ಈ ವಿಧಾನ ಭಾರತದಲ್ಲಿ ಸಾಕಷ್ಟು ರೂಢಿಗೆ ಬಂದಿದೆ. ಇದರಿಂದ ಉಣ್ಣುವುದೂ ಕಡಿಮೆ, ಉಂಡದ್ದು ಮೈಗೆ ಹತ್ತುವುದೂ ಕಡಿಮೆ. ಬೇಡವಾದ ಜಿಡ್ಡು ಹತ್ತದಿದ್ದರೆ ಸಂತೋಷವೇ. ಆದರೆ ಕರುಳಿಗೆ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂಬ ವಿವೇಚನೆಯಿಲ್ಲ. ಕಬ್ಬಿಣ, ಸುಣ್ಣ, ಜೀವಸತ್ವಗಳೂ ಅದೇ ದಾರಿಯಲ್ಲಿ ಕೈತಪ್ಪುತ್ತವೆ.

ಈ ಪಾಠವನ್ನು ಜಗತ್ತು ಬಹಳ ಕಷ್ಟಪಟ್ಟು ಕಲಿತಿದೆ. 1954ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಕ್ರೆಮೆನ್ ಮತ್ತು ಸಂಗಡಿಗರು ಕರುಳಿನ ಬಳಸುದಾರಿಯ ಶಸ್ತ್ರಕ್ರಿಯೆಯನ್ನು ವರದಿ ಮಾಡಿದರು. ಮುಂದೆ ಪೇನ್ ಮತ್ತು ಡಿವಿಂಡ್ ಎಂಬ ವೈದ್ಯರು 1969ರಲ್ಲಿ ತಿಳಿಸಿದ ವಿಧಾನದಲ್ಲಿ ಸಣ್ಣ ಕರುಳಿನ ಮೇಲ್ಭಾಗದ 35 ಸೆಂಟಿಮೀಟರು, ಕೆಳಭಾಗದ 10 ಸೆಂಟಿಮೀಟರು, ಇಷ್ಟೇ ಉಪಯೋಗಕ್ಕೆ ಉಳಿಯುತ್ತಿತ್ತು. ಹದಿಮೂರು ಮೊಳದಲ್ಲಿ ಒಂದು ಮೊಳ! ತೂಕವೇನೋ ಸುರಿದು ಹೋಯಿತು. ಅದರ ಬೆನ್ನಿಗೇ ನಿಲ್ಲದ ಭೇದಿ, ಮೂತ್ರಪಿಂಡದ ಹರಳು, ಕೀಲುನೋವು, ಕೆಲವರಲ್ಲಿ ಯಕೃತ್ತಿನ ಸಂಪೂರ್ಣ ವೈಫಲ್ಯವೂ ಕಂಡುಬಂದವು. 1980ರ ಸುಮಾರಿಗೆ ಆ ವಿಧಾನವನ್ನು ಕೈಬಿಡಲಾಯಿತು. ಎಷ್ಟೋ ಜನರಿಗೆ ಮತ್ತೆ ಹೊಟ್ಟೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು. ಅಯೋವಾದ ಎಡ್ವರ್ಡ್ ಮೇಸನ್ 1966ರಲ್ಲಿ ಜಠರದ ಬಳಸುದಾರಿಯನ್ನೂ, ಇಟಲಿಯ ಜಿನೋವಾದಲ್ಲಿ ನಿಕೋಲಾ ಸ್ಕೋಪಿನಾರೋ 1976ರಲ್ಲಿ ಇನ್ನೊಂದು ಕ್ರಮವನ್ನೂ ತಂದರು. ಸ್ಕೋಪಿನಾರೋ ಅವರ ಕ್ರಮದಲ್ಲಿ ಅನ್ನವೂ ಪಾಚಕ ರಸಗಳೂ ಕೂಡಿ ಸಾಗುವ ದಾರಿ ಕೊನೆಯ 50 ಸೆಂಟಿಮೀಟರು ಮಾತ್ರ. ಇಂಥ ಉದ್ದನೆಯ ಬಳಸುದಾರಿಗಳಲ್ಲಿ ತೂಕ ಹೆಚ್ಚು ಇಳಿಯುತ್ತದೆ, ಪೋಷಣೆಯ ಕೊರತೆಯೂ ಹೆಚ್ಚು. ಆದ್ದರಿಂದ ಶಸ್ತ್ರಕ್ರಿಯೆ ಮಾಡಿಸಿಕೊಂಡವರು ತಮಗೆ ಆದದ್ದು ಯಾವ ಬಗೆಯದು, ಎಷ್ಟು ಕರುಳನ್ನು ದಾಟಿಸಿದ್ದಾರೆ ಎಂಬುದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು, ಕಾಗದವನ್ನಂತೂ ಜೋಪಾನವಾಗಿಡಬೇಕು. ಏಕೆಂಬುದನ್ನು ಈಗ ಹೇಳುತ್ತೇನೆ.

ಆರನೆಯ ವಾರ

ಶಸ್ತ್ರಕ್ರಿಯೆಯ ನಂತರ ಮೊದಲ ಎರಡು ವಾರ ತೆಳುವಾದ ದ್ರವಾಹಾರ, ಮುಂದಿನ ಎರಡು ವಾರ ಅರೆದು ನುಣ್ಣಗೆ ಮಾಡಿದ್ದು, ಆಮೇಲೆ ಮೆತ್ತನೆಯ ಆಹಾರ ಎಂದು ಚೀಟಿ ಬರೆದುಕೊಟ್ಟಿದ್ದರು. ಫೆಬ್ರುವರಿ ಕೊನೆಗೆ ತಂಗಿ ಮೆತ್ತನೆಯ ಅನ್ನಕ್ಕೆ ಬಂದಳು. ಅಂದಿನಿಂದಲೇ ವಾಂತಿ ಶುರುವಾಯಿತು. ಅದು ಮಣೂಕದ ಹಂಗಾಮು. ಮನೆಮಂದಿಯೆಲ್ಲ ಶೆಡ್ಡಿನಲ್ಲಿ. ಜಿಗುಟು ಅನ್ನವೋ ಚಪಾತಿಯೋ ಗಂಟಲಿನ ಕೆಳಗೆ ನಿಂತಂತಾಗುವುದು, ಹೊರಬರುವುದು. ಹೀಗೆ ಎರಡು ವಾರ ಕಳೆಯಿತು. ಗುಳಿಗೆಗಳೂ ನಿಲ್ಲಲಿಲ್ಲ. ಫೋನಿನಲ್ಲಿ ಅವಳ ದನಿ ಕುಂದಿದ್ದನ್ನು ಕೇಳಿ, “ನಿಶ್ಶಕ್ತಿ ಆಗೇದ, ಊರಾಗ ಎರಡು ಬಾಟಲಿ ಸಲೈನ್ ಹಚ್ಚಿಸ್ಕೋ” ಎಂದು ಹೇಳಿದವಳು ನಾನೇ. ನಮ್ಮ ಭಾಗದಲ್ಲಿ ಸುಸ್ತಿಗೆಲ್ಲ ಗ್ಲುಕೋಸಿನ ಬಾಟಲಿಯೇ ಮದ್ದಲ್ಲವೇ? ಹಚ್ಚಿಸಿದರು. ಮರುದಿನ ಸಂಜೆ ಅವಳೇ ಫೋನು ಮಾಡಿ, “ಅಕ್ಕಾ, ಎಲ್ಲಾ ಎರಡೆರಡು ಕಾಣಾಕತ್ತಾವ. ಕಾಲು ನೆಟ್ಟಗ ನಿಲ್ಲವಲ್ಲವು” ಎಂದಳು. ರಾತ್ರಿಯ ಹೊತ್ತಿಗೆ ಮಾತು ಅಸ್ತವ್ಯಸ್ತವಾಗಿತ್ತು; ಮಗನ ಹೆಸರು ಕರೆಯಲು ತಮ್ಮನ ಹೆಸರು ಬರುತ್ತಿತ್ತು.

ವಾನ್ಲೆಸ್ ಎಂಬ ವೈದ್ಯರು 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಅಥಣಿ ಭಾಗದ ಜನರಿಗೆ ದೊಡ್ಡ ಕಾಯಿಲೆಯೆಂದರೆ ಮಿರಜವೇ. ಅಳಿಯ ಆ ರಾತ್ರಿಯೇ ಗಾಡಿ ಮಾಡಿಕೊಂಡು ಅಲ್ಲಿಯ ಒಂದು ಆಸ್ಪತ್ರೆಗೆ ಕರೆದೊಯ್ದ. ಕರ್ತವ್ಯದ ಮೇಲಿದ್ದ ತರುಣ ವೈದ್ಯೆ ಶಸ್ತ್ರಕ್ರಿಯೆಯ ಕಾಗದ ನೋಡಿ, ಎಷ್ಟು ದಿನಗಳಿಂದ ವಾಂತಿ ಎಂದು ಕೇಳಿ, ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಬಿ-1 ಜೀವಸತ್ವವನ್ನು ರಕ್ತನಾಳದ ಮೂಲಕ ಕೊಡಲು ಆರಂಭಿಸಿದರು. ಎರಡು ದಿನಗಳಲ್ಲಿ ಕಣ್ಣು ಸರಿಯಾಯಿತು. ನಡಿಗೆ ಸುಧಾರಿಸಲು ಎರಡು ತಿಂಗಳು ಹಿಡಿಯಿತು.

ಥಯಮಿನ್ ಎಂದು ಕರೆಯುವ ಈ ಬಿ-1 ಜೀವಸತ್ವ ಶರೀರದಲ್ಲಿ ಎರಡು ಮೂರು ವಾರಗಳಿಗೆ ಸಾಲುವಷ್ಟು ಮಾತ್ರ ಸಂಗ್ರಹವಿರುತ್ತದೆ. ಊಟ ಕಡಿಮೆ, ಮೇಲೆ ವಾಂತಿ. ಕಣಜ ಬರಿದಾಗಲು ತಡವೇನು? ಪಿಷ್ಟ ಮತ್ತು ಸಕ್ಕರೆಯನ್ನು ಉರಿಸಿ ಶಕ್ತಿಯಾಗಿಸಲು ಈ ಜೀವಸತ್ವ ಬೇಕೇ ಬೇಕು. ಅದು ತೀರಿರುವ ಹೊತ್ತಿನಲ್ಲಿ ರಕ್ತಕ್ಕೆ ಗ್ಲುಕೋಸ್ ಸುರಿದರೆ ಅಳಿದುಳಿದದ್ದೂ ಖರ್ಚಾಗಿ ಮೆದುಳಿನ ಕೆಲವು ಭಾಗಗಳಿಗೆ ಪೆಟ್ಟು ಬೀಳುತ್ತದೆ. ಕಣ್ಣಿನ ಚಲನೆ ಕೆಡುವುದು, ನಡಿಗೆ ತೂರಾಡುವುದು, ಬುದ್ಧಿಗೆ ಮಂಕು ಕವಿಯುವುದು. ಈ ಮೂರು ಲಕ್ಷಣಗಳನ್ನು ಜರ್ಮನಿಯ ಕಾರ್ಲ್ ವೆರ್ನಿಕೆ 1881ರಷ್ಟು ಹಿಂದೆಯೇ ಗುರುತಿಸಿದ್ದರು. ಕೂಡಲೇ ಬಿ-1 ಕೊಟ್ಟರೆ ಗುಣ. ತಡವಾದರೆ ನೆನಪಿನ ಶಕ್ತಿಗೆ ಶಾಶ್ವತವಾದ ಹಾನಿ. ಆದ್ದರಿಂದ ಇಂಥ ಶಸ್ತ್ರಕ್ರಿಯೆಯಾದವರು ಮನೆಯಲ್ಲಿದ್ದರೆ ಒಂದು ಮಾತನ್ನು ಮರೆಯಬೇಡಿ: ಎರಡು ಮೂರು ದಿನ ವಾಂತಿ ನಿಲ್ಲದಿದ್ದರೆ ಅದು ವೈದ್ಯರಿಗೆ ತೋರಿಸಲೇಬೇಕಾದ ಸಂಗತಿ, ಮತ್ತು ಗ್ಲುಕೋಸ್ ಹಚ್ಚುವ ಮೊದಲು, “ಇವರಿಗೆ ಕರುಳಿನ ಶಸ್ತ್ರಕ್ರಿಯೆ ಆಗಿದೆ, ಬಿ-1 ಮೊದಲು ಕೊಡಬೇಕಲ್ಲವೇ?” ಎಂದು ಕೇಳಿ. ಕೇಳಲು ಸಂಕೋಚ ಬೇಡ. ಸಲೈನ್ ಹಚ್ಚಿದ ವೈದ್ಯರಿಗೆ ಶಸ್ತ್ರಕ್ರಿಯೆಯ ವಿಷಯವನ್ನು ನಮ್ಮವರು ಹೇಳಿರಲೇ ಇಲ್ಲ. ಊರಿಗೆಲ್ಲ ಗೊತ್ತಾದೀತೆಂಬ ನಾಚಿಕೆ!

ಗುಳಿಗೆ ಬಿಟ್ಟ ವರ್ಷ

ಇದಾದ ಮೇಲೆ ಒಂದು ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು. 2023ರ ದೀಪಾವಳಿಗೆ ತಂಗಿ 74 ಕಿಲೋಕ್ಕೆ ಬಂದಿದ್ದಳು. ಹಳೆಯ ಇಳಕಲ್ ಸೀರೆಗಳ ಕುಪ್ಪಸಗಳನ್ನೆಲ್ಲ ಬಿಚ್ಚಿ ಹೊಲಿಸಿದಳು. ಸಕ್ಕರೆಯ ಗುಳಿಗೆ ನಿಂತಿತ್ತು, ರಕ್ತದೊತ್ತಡದ ಗುಳಿಗೆ ನಿಂತಿತ್ತು. ಜೀವಸತ್ವದ ಗುಳಿಗೆಗಳನ್ನೂ ಅವಳೇ ನಿಲ್ಲಿಸಿಬಿಟ್ಟಳು. ರೋಗವಿಲ್ಲದ ಮೇಲೆ ಔಷಧವೇಕೆ ಎಂಬುದು ಅವಳ ತರ್ಕ. ನಮ್ಮಲ್ಲಿ ಯಾರಿಗೂ ಅದು ತಪ್ಪೆಂದು ತೋರಲಿಲ್ಲ. ಆದರೆ ಸಕ್ಕರೆ ಕಾಯಿಲೆಯ ಗುಳಿಗೆ ರೋಗಕ್ಕಾಗಿ. ಜೀವಸತ್ವ, ಕಬ್ಬಿಣ, ಸುಣ್ಣದ ಗುಳಿಗೆಗಳು ಮೊಟಕಾದ ದಾರಿಗಾಗಿ. ದಾರಿ ಮತ್ತೆ ಉದ್ದವಾಗುವುದಿಲ್ಲ, ಆದ್ದರಿಂದ ಅವೂ ನಿಲ್ಲುವಂತಿಲ್ಲ.

ಮೊದಲು ಕೂದಲು ಉದುರಿತು, ಉಗುರು ಒಡೆಯಿತು, ಮುಖ ಬಿಳಿಚಿಕೊಂಡಿತು. ಅರಿಯದವರು “ತೆಳ್ಳಗಾದ ಮ್ಯಾಲ ಬೆಳ್ಳಗಾಗ್ಯಾಳ” ಎಂದು ಹೊಗಳಿದರು. ಅದು ರಕ್ತಹೀನತೆ. ಯಾರೋ ಕೊಟ್ಟ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಕೆಂಪು ಗುಳಿಗೆಗಳನ್ನು ನುಂಗಿದಳು. ರಕ್ತ ಸ್ವಲ್ಪ ಏರಿತು. ಆದರೆ ಪಾದಗಳಲ್ಲಿ ಜುಮುಜುಮು, ಕತ್ತಲೆಯಲ್ಲಿ ನಡೆದರೆ ಅಡಿ ತಪ್ಪುವುದು ಹೆಚ್ಚುತ್ತಲೇ ಹೋಯಿತು. 2024ರ ಬೇಸಿಗೆಯಲ್ಲಿ ಪರೀಕ್ಷೆ ಮಾಡಿಸಿದಾಗ ಬಿ-12 ತೀರ ಕೆಳಗಿತ್ತು. ಇಲ್ಲಿ ಒಂದು ಸೂಕ್ಷ್ಮವಿದೆ. ಬಿ-12 ಕಡಿಮೆಯಿರುವವರಿಗೆ ಫೋಲಿಕ್ ಆಮ್ಲ ಮಾತ್ರ ಕೊಟ್ಟರೆ ರಕ್ತದ ಲೆಕ್ಕ ಸುಧಾರಿಸಿ ಎಲ್ಲವೂ ಸರಿಯಾದಂತೆ ಕಾಣುತ್ತದೆ. ಒಳಗೆ ನರಗಳು ಸವೆಯುತ್ತಲೇ ಇರುತ್ತವೆ.

ಶಾಕಾಹಾರಿಗಳಾದ ನಮ್ಮ ಸಮಾಜಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಬಿ-12 ಯಾವ ಕಾಳಿನಲ್ಲಿಯೂ ಕಾಯಿಪಲ್ಯದಲ್ಲಿಯೂ ಇಲ್ಲ. ನಮಗೆ ಅದು ದೊರೆಯುವುದು ಹಾಲು, ಮೊಸರು, ಪನೀರುಗಳಿಂದ ಮಾತ್ರ. ಮಾಂಸ, ಮೊಟ್ಟೆ ತಿನ್ನುವವರ ಯಕೃತ್ತಿನಲ್ಲಿ ಹಲವು ವರ್ಷಗಳಿಗೆ ಸಾಲುವ ಸಂಗ್ರಹವಿದ್ದರೆ ನಮ್ಮಲ್ಲಿ ಅನೇಕರು ಶಸ್ತ್ರಕ್ರಿಯೆಗೆ ಮೊದಲೇ ಕೊರತೆಯ ಅಂಚಿನಲ್ಲಿರುತ್ತಾರೆ. ಅದಕ್ಕಾಗಿ ಆಹಾರಪದ್ಧತಿ ಬಿಡಬೇಕಾಗಿಲ್ಲ. ದಿನವೂ 350ರಿಂದ 1000 ಮೈಕ್ರೋಗ್ರಾಂ ಗುಳಿಗೆ ಅಥವಾ ತಿಂಗಳಿಗೊಂದು 1000 ಮೈಕ್ರೋಗ್ರಾಂ ಚುಚ್ಚುಮದ್ದು ಎಂಬುದು ರೂಢಿಯಲ್ಲಿರುವ ಪ್ರಮಾಣ. ಯಾವುದು ಬೇಕೆಂಬುದನ್ನು ವೈದ್ಯರು ಹೇಳುತ್ತಾರೆ. ತಂಗಿ ಚುಚ್ಚುಮದ್ದನ್ನು ಆರಿಸಿಕೊಂಡಳು. ಜುಮುಜುಮು ಬಹುಮಟ್ಟಿಗೆ ಹೋಗಿದೆ. ಎಡಪಾದದ ಹೆಬ್ಬೆರಳಿನಲ್ಲಿ ಮಾತ್ರ ಇನ್ನೂ ಸ್ಪರ್ಶ ಮಂದವಾಗಿಯೇ ಇದೆ.

ಸುಣ್ಣದ ಅಂಶದ ಗುಳಿಗೆಯಲ್ಲಿಯೂ ಎರಡು ಬಗೆಗಳಿವೆ. ಅಗ್ಗವಾದ ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕು, ಸಿಟ್ರೇಟ್‌ಗೆ ಬೇಡ. ಜಠರ ಕಿರಿದಾದವರಿಗೆ ಎರಡನೆಯದೇ ಮೇಲು. ಬಳಸುದಾರಿಯ ಶಸ್ತ್ರಕ್ರಿಯೆಯಾದವರಿಗೆ ಊಟವೂ ಸೇರಿ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಸುಣ್ಣದ ಅಂಶ, ಅದರೊಡನೆ ಡಿ ಜೀವಸತ್ವ ಬೇಕಾಗುತ್ತದೆ. ಒಂದೇ ಸಲ ನುಂಗಿದರೆ ಹತ್ತುವುದಿಲ್ಲ, ಎರಡು ಮೂರು ಪಾಲು ಮಾಡಬೇಕು. ಕಬ್ಬಿಣದ ಗುಳಿಗೆಗೂ ಇದಕ್ಕೂ ಎರಡು ಗಂಟೆಯ ಅಂತರವಿರಬೇಕು, ಏಕೆಂದರೆ ಒಂದು ಇನ್ನೊಂದನ್ನು ತಡೆಯುತ್ತದೆ. ಚಹವೂ ಕಬ್ಬಿಣದ ವೈರಿಯೇ. ನಿಂಬೆ, ನೆಲ್ಲಿಕಾಯಿ ಅದರ ಮಿತ್ರರು. ಬೆಲ್ಲ ತಿಂದರೆ ರಕ್ತ ಹೆಚ್ಚುತ್ತದೆಂಬ ನಂಬಿಕೆ ನಮ್ಮ ಕಬ್ಬಿನ ಸೀಮೆಯಲ್ಲಿ ಬಲವಾಗಿದೆ. ಇಂಥ ರೋಗಿಗಳ ಮಟ್ಟಿಗೆ ಅದನ್ನು ಮರೆಯುವುದು ಒಳಿತು.

ಅಡುಗೆಮನೆಯ ಲೆಕ್ಕ

ಗುಳಿಗೆಯಲ್ಲಿ ಸಿಗದ ವಸ್ತು ಸಸಾರಜನಕ. ಅದನ್ನು ಉಣ್ಣಲೇಬೇಕು. ಇಲ್ಲದಿದ್ದರೆ ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ಕಾಲಿಗೆ ಬಾವು ಬರುತ್ತದೆ. ದಿನಕ್ಕೆ 60ರಿಂದ 80 ಗ್ರಾಂ ಎಂಬುದು ಸಾಮಾನ್ಯ ಗುರಿ. ಉದ್ದನೆಯ ಬಳಸುದಾರಿಯಾದವರಿಗೆ ಇನ್ನೂ ಹೆಚ್ಚು. ಜೋಳದ ರೊಟ್ಟಿ ಒಂದರಲ್ಲಿ ಐದಾರು ಗ್ರಾಂ ಮಾತ್ರ. ಆರೋಗ್ಯವಂತರು ನಾಲ್ಕು ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ಉಂಡು ಲೆಕ್ಕ ತುಂಬಿಸುತ್ತಾರೆ. ಅರ್ಧ ರೊಟ್ಟಿಗೆ ಹೊಟ್ಟೆ ತುಂಬುವವರು ಏನು ಮಾಡಬೇಕು?

ಮಿರಜದಿಂದ ಮರಳಿದ ಮೇಲೆ ತಂಗಿಯ ಅತ್ತೆಯವರೂ ನಾನೂ ಕುಳಿತು ಲೆಕ್ಕ ಹಾಕಿದೆವು. ಅರ್ಧ ಲೀಟರು ಹಾಲಿನಿಂದ 16 ಗ್ರಾಂ. ಪಾವು ಕಿಲೋಗಿಂತ ಕೊಂಚ ಕಡಿಮೆ ಮೊಸರಿನಿಂದ 6. ಪನೀರು 50 ಗ್ರಾಂ ತೂಕಕ್ಕೆ 9. ಮಡಕಿ, ಹೆಸರು, ಕಡಲೆ ಇವುಗಳಲ್ಲಿ ಯಾವುದಾದರೂ ಒಣಗಿದ್ದು 50 ಗ್ರಾಂ ತೆಗೆದುಕೊಂಡು ಮೊಳಕೆ ಬರಿಸಿ ಬೇಯಿಸಿದರೆ 12. ಸೋಯಾ ತುಣುಕು 25 ಗ್ರಾಂ ನೆನೆಸಿ ಪಲ್ಯಕ್ಕೆ ಹಾಕಿದರೆ ಇನ್ನೊಂದು 12. ಒಂದು ರೊಟ್ಟಿಯದು 5. ಒಟ್ಟು 60! ಅತ್ತೆಯವರಿಗೆ ಅಕ್ಷರ ಬಾರದು, ಆದರೆ ಲೆಕ್ಕ ಪಕ್ಕಾ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಚಕ್ಕಾ ಮಾಡಿದರೆ ನೀರು ಬಸಿದು ಕಡಿಮೆ ಜಾಗದಲ್ಲಿ ಹೆಚ್ಚು ಸತ್ವ ಸಿಗುತ್ತದೆಂಬ ಉಪಾಯ ಅವರದೇ. ಗಡಿನಾಡಿನ ನಮಗೆ ಚಕ್ಕಾ ಎಂದರೆ ಶ್ರೀಖಂಡ ನೆನಪಾಗುತ್ತದೆ. ಇಲ್ಲಿ ಸಕ್ಕರೆಯ ಬದಲು ಜೀರಿಗೆ, ಉಪ್ಪು. ಝುಣಕವೂ ತಂಗಿಗೆ ಚೆನ್ನಾಗಿ ಒಗ್ಗಿತು, ಎಣ್ಣೆ ಕಡಿಮೆಯಿದ್ದರೆ.

ಉಣ್ಣುವ ಕ್ರಮವೂ ಬದಲಾಗಬೇಕು. ಬಟ್ಟಲಿನಲ್ಲಿ ಮೊದಲು ಕಾಳು, ಚಕ್ಕಾ, ಪನೀರು, ನಂತರ ಕಾಯಿಪಲ್ಯ, ಜಾಗ ಉಳಿದರೆ ರೊಟ್ಟಿ. ಅಚ್ಚರಿಯೆಂದರೆ ಮೆತ್ತನೆಯ ಚಪಾತಿಗಿಂತ, ಜಿಗುಟು ಅನ್ನಕ್ಕಿಂತ ನಮ್ಮ ಖಡಕ್ ರೊಟ್ಟಿಯೇ ಅವಳಿಗೆ ಸಲೀಸಾಗಿ ಇಳಿಯುತ್ತದೆ. ಹಿಟ್ಟಿನ ಮುದ್ದೆಯಂತೆ ಕೂಡಿ ಕಿರಿದಾದ ದಾರಿಯಲ್ಲಿ ನಿಲ್ಲುವುದಿಲ್ಲ. ಚೆನ್ನಾಗಿ ಅಗಿಯಬೇಕಷ್ಟೆ. ಊಟದ ನಡುವೆ ತಂಬಿಗೆ ಎತ್ತುವಂತಿಲ್ಲ, ಕೊನೆಗೆ ಮಜ್ಜಿಗೆ ಸುರಿದುಕೊಳ್ಳುವಂತಿಲ್ಲ. ಉಂಡು ಅರ್ಧ ಗಂಟೆಯ ಮೇಲೆ ಗುಟುಕು ಗುಟುಕಾಗಿ ನೀರು, ಮಜ್ಜಿಗೆ. ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಾಗದಂತೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡಿಸುವವರು ಹಾಲಿನ ಬದಲು ಮೊಸರು ಹೆಚ್ಚಿಸಬಹುದು.

ಹುಗ್ಗಿಯ ವಿಷಯವನ್ನು ಬರೆಯದಿದ್ದರೆ ಈ ಲೇಖನ ಅಪೂರ್ಣ. ಜಾತ್ರೆಯ ದಾಸೋಹದಲ್ಲಿ ಬಡಿಸಿದ ಗೋಧಿ ಹುಗ್ಗಿಯನ್ನು ತಂಗಿ ಒಮ್ಮೆ ನಾಲ್ಕು ತುತ್ತು ಉಂಡಳು. ಇಪ್ಪತ್ತು ನಿಮಿಷದಲ್ಲಿ ಎದೆ ಡವಗುಟ್ಟಿ, ಮೈ ಬೆವರಿ, ಹೊಟ್ಟೆ ಹಿಂಡಿ, ಭೇದಿಯಾಗಿ ಅಲ್ಲಿಯೇ ಮಲಗಬೇಕಾಯಿತು. ಬಳಸುದಾರಿಯಿರುವಲ್ಲಿ ಜಠರದ ಬಾಗಿಲುಕಾಯುವ ಸ್ನಾಯುವಿನ ಅಂಕೆಯಿಲ್ಲದೆ ಬೆಲ್ಲ, ಸಕ್ಕರೆ ನೇರವಾಗಿ ಕರುಳಿಗೆ ಧುಮುಕುತ್ತದೆ. ಅದನ್ನು ತೆಳುವಾಗಿಸಲು ಶರೀರದ ನೀರು ಕರುಳಿಗೆ ನುಗ್ಗುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಥಟ್ಟನೆ ಕುಸಿದು ಕಣ್ಣು ಕತ್ತಲೆ ಬರುವುದೂ ಉಂಟು. ಕಬ್ಬಿನ ಹಾಲು, ಮಾದಲಿ, ಹೋಳಿಗೆ, ಹಿಡಿಯಷ್ಟು ಮಣೂಕ ಎಲ್ಲಕ್ಕೂ ಇದೇ ಮಾತು. ಮಣೂಕ ಬೆಳೆಯುವ ಮನೆಯ ಸೊಸೆಗೆ ಇದು ಸುಲಭದ ವ್ರತವಲ್ಲ!

ಜಿಡ್ಡಿನ ಕಥೆ ಬೇರೆ. ಹತ್ತದ ಎಣ್ಣೆ, ತುಪ್ಪ ಮಲದಲ್ಲಿ ಹೊರಬಿದ್ದು ಅದು ತೇಲುತ್ತದೆ, ದುರ್ನಾತ ಬೀರುತ್ತದೆ, ಹೊಟ್ಟೆಯಲ್ಲಿ ವಾಯು ತುಂಬುತ್ತದೆ. ಮದುವೆಮನೆಗೆ ಹೋಗಲು ತಂಗಿ ಹಿಂಜರಿಯುತ್ತಿದ್ದುದು ಇದಕ್ಕೇ. ನನ್ನೊಡನೆ ಹೇಳಿಕೊಳ್ಳಲು ಅವಳಿಗೆ ಒಂದು ವರ್ಷ ಹಿಡಿಯಿತು. ಕರಿದದ್ದನ್ನು ಬಿಟ್ಟು ಎಣ್ಣೆಯನ್ನು ಅಳತೆಗೆ ತಂದ ಮೇಲೆ ಬಹಳ ಕಡಿಮೆಯಾಯಿತು. ಕಡಿಮೆಯಾಗದೆ ದಿನಕ್ಕೆ ನಾಲ್ಕಾರು ಸಲ ಭೇದಿಯಾದರೆ ಬ್ಯಾಕ್ಟೀರಿಯಾ ವಿಪರೀತ ಬೆಳೆದಿರಬಹುದು, ಅದಕ್ಕೆ ಔಷಧವಿದೆ; ನಾಚಿಕೆಗೆ ಮುಚ್ಚಿಡುವ ವಿಷಯವಲ್ಲ. ಜಿಡ್ಡಿನೊಡನೆ ಎ, ಡಿ, ಇ, ಕೆ ಜೀವಸತ್ವಗಳೂ ಹೊರಟುಹೋಗುತ್ತವೆ. ಇರುಳಲ್ಲಿ ಕಣ್ಣು ಮಸುಕಾದರೆ ವಯಸ್ಸಾಯಿತೆಂದು ಸುಮ್ಮನಿರಬಾರದು. ಇನ್ನೊಂದು ಮಾತು: ಜೀರ್ಣವಾಗದ ಜಿಡ್ಡು ಕರುಳಿನಲ್ಲಿ ಸುಣ್ಣವನ್ನು ಹಿಡಿದುಕೊಳ್ಳುವುದರಿಂದ ಸೊಪ್ಪುಗಳಲ್ಲಿರುವ ಆಕ್ಸಲೇಟ್ ಬಿಡುಗಡೆಯಾಗಿ ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಹರಳಾಗುತ್ತದೆ. ಪಾಲಕ, ರಾಜಗಿರಿಗಳನ್ನು ಮಿತಗೊಳಿಸಿ ಮೆಂತ್ಯೆ ಸೊಪ್ಪಿಗೆ ಹೊರಳಬಹುದು, ನೀರು ಧಾರಾಳವಾಗಿರಲಿ.

ಉಪವಾಸ ಮತ್ತು ಪ್ರಸಾದ

ಶ್ರಾವಣ ಸೋಮವಾರಗಳಂದು ತಂಗಿ ಹಗಲೆಲ್ಲ ನೀರನ್ನೂ ಮುಟ್ಟುತ್ತಿರಲಿಲ್ಲ, ಸಂಜೆ ಸಾಬೂದಾಣಿ. ಗುಳಿಗೆ ನುಂಗಿದರೆ ಉಪವಾಸ ಮುರಿದೀತೆಂಬ ಅಂಜಿಕೆ. ಸಾಬೂದಾಣಿಯಲ್ಲಿ ಪಿಷ್ಟವಲ್ಲದೆ ಸಸಾರಜನಕವೆಂಬುದು ಇಲ್ಲವೇ ಇಲ್ಲ. ಒಂದು ದಿನದ ಕೊರತೆ ನಮ್ಮ ನಿಮ್ಮಂಥವರಿಗೆ ಲೆಕ್ಕಕ್ಕಿಲ್ಲ, ಅವಳಿಗೆ ಇದೆ. ಮಿರಜದ ಆ ರಾತ್ರಿಯನ್ನು ಕಂಡಿದ್ದ ಅತ್ತೆಯವರೇ ಇದನ್ನು ತೀರ್ಮಾನಿಸಿದರು. “ಗುಳಿಗಿ ಕಾಯಕದಂಗ. ಅದಕ್ಕ ಸೋಮವಾರ ಇಲ್ಲ, ಮಂಗಳವಾರ ಇಲ್ಲ” ಎಂದು ಹೇಳಿ ಪೂಜೆ ಮುಗಿದೊಡನೆ ತಾವೇ ಕೈಗೆ ಕೊಡಲಾರಂಭಿಸಿದರು. ಈಗ ಸೋಮವಾರ ಅವಳದು ಹಾಲು, ಚಕ್ಕಾಗಳ ಉಪವಾಸ.

ಪ್ರಸಾದವನ್ನು ಕೆಡಿಸಬಾರದೆಂಬುದು ನಮ್ಮ ಮನೆಗಳ ಹಳೆಯ ಶಿಸ್ತು. ಅದೇ ಶಿಸ್ತು ತಂಗಿಗೆ ಮೊದಲ ವರ್ಷ ಸಂಕಟವಾಗಿತ್ತು. ಗಂಗಾಳದಲ್ಲಿ ಬಿದ್ದದ್ದನ್ನು ಬಿಡಲಾರದೆ ಉಂಡು ಹಿತ್ತಲಿಗೆ ಓಡುತ್ತಿದ್ದಳು. ನನಗನಿಸುವಂತೆ ತಪ್ಪಿದ್ದುದು ಬಡಿಸುವವರ ಕಡೆ. ಬೇಕಾದಷ್ಟನ್ನೇ ನೀಡಿಸಿಕೊಂಡು ಅದನ್ನು ಪೂರ್ತಿ ಮುಗಿಸುವುದು ಆ ಶಿಸ್ತಿನ ಹುರುಳು. ಒತ್ತಾಯದ ಹೋಳಿಗೆ ಅದರಲ್ಲಿ ಎಲ್ಲಿಂದ ಬಂತೋ ಕಾಣೆ! ಬಟ್ಟಲು ಹಿಡಿದ ಮೇಲೆ ತಂಗಿಯ ಮುಂದೆ ಒಂದು ಅಗಳೂ ಉಳಿದದ್ದನ್ನು ನಾನು ಕಂಡಿಲ್ಲ.

ಇನ್ನು ಕೆಲವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೊಣಕಾಲು ನೋವಿಗೆ ಅಂಗಡಿಯಿಂದ ತರುವ ನೋವಿನ ಗುಳಿಗೆಗಳು ಹೊಸ ಜೋಡಣೆಯ ಸ್ಥಳದಲ್ಲಿ ಹುಣ್ಣು ಮಾಡುತ್ತವೆ. ವೈದ್ಯರನ್ನು ಕೇಳದೆ ಬೇಡ. ತಂಬಾಕಿನಿಂದಲೂ ಹಾಗೆಯೇ. ನಮ್ಮ ಗಡಿಭಾಗದ ಹೆಣ್ಣುಮಕ್ಕಳು ಹಲ್ಲಿಗೆ ತಿಕ್ಕುವ ಮಿಶ್ರಿಯೂ ತಂಬಾಕೇ ಎಂಬುದು ನೆನಪಿರಲಿ. ತೂಕ ಭರದಿಂದ ಇಳಿಯುವ ಮೊದಲ ತಿಂಗಳುಗಳಲ್ಲಿ ಪಿತ್ತಕೋಶದಲ್ಲಿ ಕಲ್ಲಾಗುವುದು ಸಾಮಾನ್ಯ. ಅದನ್ನು ತಡೆಯಲು ಆರು ತಿಂಗಳು ಔಷಧ ಕೊಡುವುದುಂಟು. ತರುಣಿಯರು ಒಂದರಿಂದ ಒಂದೂವರೆ ವರ್ಷದವರೆಗೆ ಗರ್ಭ ಧರಿಸುವುದನ್ನು ಮುಂದೂಡಬೇಕು. ಬಾಯಿಂದ ನುಂಗುವ ನಿರೋಧಕ ಗುಳಿಗೆಗಳು ಇಂಥವರಲ್ಲಿ ಸರಿಯಾಗಿ ಹತ್ತುತ್ತವೆಂಬ ಭರವಸೆಯಿಲ್ಲ. ಬೇರೆ ಉಪಾಯವನ್ನು ವೈದ್ಯರಲ್ಲಿ ಕೇಳಬೇಕು. ರಕ್ತಪರೀಕ್ಷೆ ಮೊದಲ ವರ್ಷ ಮೂರು, ಆರು, ಹನ್ನೆರಡನೆಯ ತಿಂಗಳಿಗೆ. ನಂತರ ವರ್ಷಕ್ಕೊಮ್ಮೆ, ಜೀವನಪರ್ಯಂತ. ಹಿಮೋಗ್ಲೋಬಿನ್ ಒಂದನ್ನೇ ನೋಡಿದರೆ ಸಾಲದು. ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಬಿ-12, ಫೋಲೇಟ್, ಡಿ ಜೀವಸತ್ವ, ಸುಣ್ಣ, ಆಲ್ಬುಮಿನ್ ಇವಿಷ್ಟಾದರೂ ಇರಬೇಕು.

ತಂಗಿಯ ಈ ವರ್ಷದ ಪರೀಕ್ಷೆಗೆ ಜೊತೆಗೆ ಹೋದವಳು ನಾನೇ. ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಏಳು ಮನೆಗಳ ಒಂದು ಗುಳಿಗೆಯ ಡಬ್ಬಿ. ಅತ್ತೆಯವರು ಬಣ್ಣ ನೋಡಿ ಪ್ರತಿ ಭಾನುವಾರ ಸಂಜೆ ಅದನ್ನು ತುಂಬುತ್ತಾರೆ. ಶಸ್ತ್ರಕ್ರಿಯೆಯ ಕಾಗದದ ನಕಲೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂಗಿ ತನ್ನ ಪರ್ಸಿನಲ್ಲಿಟ್ಟುಕೊಂಡಿದ್ದಳು. ಬೆಳಿಗ್ಗೆ ಐಗಳಿ ಕ್ರಾಸಿನಲ್ಲಿ ಮಿರಜದ ಕಡೆಯ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಮೊಮ್ಮಗ ಸೈಕಲ್ ಮೇಲೆ ಓಡಿ ಬಂದು ಒಂದು ಚಿಕ್ಕ ಬುತ್ತಿ ಕೊಟ್ಟ. ಅರ್ಧ ರೊಟ್ಟಿ, ಮೊಳಕೆ ಕಾಳು, ಚಕ್ಕಾ. “ಸಕ್ಕರಿ ಹಾಕಿಲ್ಲಂತ ಹೇಳಾಕ ಹೇಳ್ಯಾಳ ಆಯಿ” ಎಂದು ಹೇಳಿ ಸೈಕಲ್ ತಿರುಗಿಸಿದ.